ಅಥೆನ್ಸ್‌ನಲ್ಲಿ ನೆಲೆಸಿದ ಗ್ರೀಕರಿಗೆ ಹಳ್ಳಿಯ ನಂಟು ಉಳಿದಿದೆಯೇ?

ಪ್ರಶ್ನೆ (ಶಾಲಾ ಶಿಕ್ಷಕಿ, ಧಾರವಾಡ)

ನಮ್ಮ ಪಠ್ಯಪುಸ್ತಕಗಳಲ್ಲಿ ಗ್ರೀಸ್ ದೇಶವು ಸಾಕ್ರೆಟಿಸನಿಂದ ಆರಂಭವಾಗಿ ಅಲೆಕ್ಸಾಂಡರನ ಮರಣದೊಂದಿಗೆ ಮುಗಿದುಹೋಗುತ್ತದೆ. ಈಗ ಅಲ್ಲಿ ಬದುಕುತ್ತಿರುವ 1 ಕೋಟಿಗೂ ಹೆಚ್ಚು ಜನರ ಬಗ್ಗೆ ಮಕ್ಕಳು ಕೇಳಿದರೆ ಹೇಳಲು ನನ್ನಲ್ಲಿ ಏನೂ ಇರುವುದಿಲ್ಲ. ಆ ದೇಶದ ನೆಲದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬೆಟ್ಟಗುಡ್ಡವೆಂದೂ ಮೂವರಲ್ಲಿ ಒಬ್ಬರು ಅಥೆನ್ಸ್ ಮತ್ತು ಅದರ ಸುತ್ತಮುತ್ತ ವಾಸಿಸುತ್ತಾರೆಂದೂ ಓದಿದ್ದೇನೆ. ಹಾಗಾದರೆ ಹಳ್ಳಿಗಳು ಬರಿದಾಗಿವೆಯೇ? ಅಲ್ಲಿನ ನೆಲಕ್ಕೂ ಜನರ ದಿನನಿತ್ಯದ ಬದುಕಿಗೂ ಈಗಲೂ ಸಂಬಂಧ ಇದೆಯೇ?

ಉತ್ತರ 1 (ಸಂಶೋಧನೆಗಾಗಿ ಗ್ರೀಸ್‌ನ ಕ್ರೀಟ್ ದ್ವೀಪದಲ್ಲಿದ್ದವರು)

ಮೇಡಂ, ಬೆಟ್ಟದ ಮೇಲಿನ ಎಷ್ಟೋ ಹಳ್ಳಿಗಳಲ್ಲಿ ಚಳಿಗಾಲಕ್ಕೆ ಉಳಿಯುವವರು ವೃದ್ಧರು ಮಾತ್ರ ಎಂಬುದು ನಿಜ. ಆದರೂ ನಂಟು ಕಡಿದಿಲ್ಲ. ಅಥೆನ್ಸ್‌ನಲ್ಲೇ ಹುಟ್ಟಿ ಬೆಳೆದವರನ್ನು ‘ನಿಮ್ಮದು ಯಾವ ಊರು’ ಎಂದು ಕೇಳಿದರೆ ಅನೇಕರು ತಂದೆಯ ಹಳ್ಳಿಯ ಹೆಸರನ್ನೇ ಹೇಳುತ್ತಾರೆ. ಆ ಊರಿನ ಮತದಾರರ ಪಟ್ಟಿಯಲ್ಲೇ ಹೆಸರನ್ನು ಉಳಿಸಿಕೊಂಡು, ಚುನಾವಣೆ ಬಂದಾಗ ಬಸ್ಸು ಹಡಗು ಹತ್ತಿ ಅಲ್ಲಿಗೇ ಹೋಗಿ ಮತ ಹಾಕುವವರೂ ಕಡಿಮೆಯಿಲ್ಲ.

ಈ ನಂಟನ್ನು ಹಿಡಿದಿಟ್ಟಿರುವುದರಲ್ಲಿ ಆಲಿವ್ ಮರದ ಪಾಲು ದೊಡ್ಡದು. ಕಲ್ಲುನೆಲದಲ್ಲಿ, ಮಳೆಯಿಲ್ಲದ ಬೇಸಿಗೆಯಲ್ಲಿ ಬದುಕಬಲ್ಲ ಈ ಮರಗಳು ಸಣ್ಣ ಸಣ್ಣ ತುಂಡುಗಳಾಗಿ ಮಕ್ಕಳ ಪಾಲಿಗೆ ಹಂಚಿಹೋಗಿರುತ್ತವೆ. ನವೆಂಬರ್‌ನಿಂದ ಜನವರಿಯವರೆಗೆ, ನಗರದಲ್ಲಿ ಕಚೇರಿ ಕೆಲಸ ಮಾಡುವ ಮಗನೂ ಸೊಸೆಯೂ ರಜೆಯ ದಿನಗಳಲ್ಲಿ ಊರಿಗೆ ಬಂದು, ಮರದ ಕೆಳಗೆ ಬಲೆ ಹಾಸಿ, ಕೊಂಬೆಗಳನ್ನು ಬಡಿದು ಕಾಯಿ ಉದುರಿಸುತ್ತಾರೆ. ಕಾಯಿ ಹೆಚ್ಚು ದಿನ ಚೀಲದಲ್ಲಿ ಉಳಿದರೆ ಎಣ್ಣೆಯ ಆಮ್ಲೀಯತೆ ಏರುವುದರಿಂದ ಆದಷ್ಟು ಬೇಗ ಊರಿನ ಗಾಣಕ್ಕೆ ಒಯ್ಯಬೇಕು. ಗಾಣದವರು ಅನೇಕ ಕಡೆ ಕೂಲಿಯನ್ನು ಹಣವಾಗಿ ಪಡೆಯದೆ ಎಣ್ಣೆಯಲ್ಲೇ ಒಂದು ಪಾಲನ್ನು ಇಟ್ಟುಕೊಳ್ಳುತ್ತಾರೆ. ಉಳಿದದ್ದು ಸುಮಾರು 17 ಲೀಟರ್ ಹಿಡಿಯುವ ತಗಡಿನ ಡಬ್ಬಗಳಲ್ಲಿ ತುಂಬಿ ಅಥೆನ್ಸ್‌ನ ಅಡುಗೆಮನೆಗಳಿಗೆ ಹೋಗುತ್ತದೆ. ಅಂಗಡಿಯ ಎಣ್ಣೆಯನ್ನು ಕೊಳ್ಳಬೇಕಾಗಿ ಬಂದರೆ ಅದನ್ನೊಂದು ಕೊರತೆಯೆಂದೇ ಭಾವಿಸುವ ಕುಟುಂಬಗಳನ್ನು ನಾನು ಕಂಡಿದ್ದೇನೆ.

ಇನ್ನು ಆಗಸ್ಟ್ 15 ಮೇರಿ ಮಾತೆಯ ಹಬ್ಬ. ಆ ವಾರ ಅಥೆನ್ಸ್ ಖಾಲಿಯಾಗುತ್ತದೆ, ಹಳ್ಳಿಯ ಚೌಕಗಳು ತುಂಬುತ್ತವೆ.

ಉತ್ತರ 2 (ಹಡಗಿನ ನೌಕರ, ಮಂಗಳೂರು)

ಗ್ರೀಕ್ ಮಾಲೀಕರ ವಾಣಿಜ್ಯ ಹಡಗುಗಳ ಪಡೆ ಜಗತ್ತಿನಲ್ಲೇ ಅತಿ ದೊಡ್ಡವುಗಳಲ್ಲೊಂದು. ಅವುಗಳಲ್ಲಿ ದುಡಿದ ನನ್ನಂಥವರಿಗೆ ಅಥೆನ್ಸ್ ಪಕ್ಕದ ಪಿರೇಯಸ್ ಬಂದರು ಪರಿಚಿತ. ದ್ವೀಪಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಚಿತ್ರಗಳಲ್ಲಿ ಕಾಣುವ ಸುಣ್ಣ ಬಳಿದ ಮನೆಗಳ ಚಪ್ಪಟೆ ಚಾವಣಿ ಬರೀ ಅಂದಕ್ಕೆ ಇರುವುದಲ್ಲ. ಹೊಳೆಗಳು ವಿರಳವಾದ ಸಿಕ್ಲಡೀಸ್ ದ್ವೀಪಗಳಲ್ಲಿ ಚಳಿಗಾಲದ ಮಳೆನೀರು ಆ ಚಾವಣಿಯಿಂದಲೇ ನೆಲದಡಿಯ ತೊಟ್ಟಿಗೆ ಇಳಿಯುತ್ತಿತ್ತು. ಜುಲೈ, ಆಗಸ್ಟ್‌ಗಳಲ್ಲಿ ಉತ್ತರದಿಂದ ಬೀಸುವ ಮೆಲ್ತೆಮಿ ಗಾಳಿ ಜೋರಾದರೆ ಪ್ರಯಾಣಿಕರ ಹಡಗುಗಳು ಬಂದರಿನಿಂದ ಹೊರಡುವುದಿಲ್ಲ, ದ್ವೀಪದವರ ಔಷಧ, ತರಕಾರಿಗಳೆಲ್ಲ ಕಾಯಬೇಕಾಗುತ್ತದೆ.

ಉತ್ತರ 3 (ಇತಿಹಾಸದ ವಿದ್ಯಾರ್ಥಿ, ಮೈಸೂರು)

ಮೊದಲ ಉತ್ತರಕ್ಕೆ ಒಂದು ತಿದ್ದುಪಡಿ ಅಗತ್ಯ. ಮರಳಿ ಹೋಗಲು ಹಳ್ಳಿಯೇ ಇಲ್ಲದ ಗ್ರೀಕರೂ ಲಕ್ಷಾಂತರ ಇದ್ದಾರೆ. 1922ರಲ್ಲಿ ಏಷ್ಯಾ ಮೈನರ್‌ನಲ್ಲಿ, ಅಂದರೆ ಇಂದಿನ ಟರ್ಕಿಯ ಏಷ್ಯಾ ಭಾಗದಲ್ಲಿ, ಗ್ರೀಕ್ ಸೇನೆ ಸೋತ ಮೇಲೆ, 1923ರ ಲೋಸಾನ್ ಒಪ್ಪಂದದಂತೆ ಗ್ರೀಸ್ ಮತ್ತು ಟರ್ಕಿ ತಮ್ಮ ಜನರನ್ನು ಬದಲಾಯಿಸಿಕೊಂಡವು. ಸುಮಾರು 12 ಲಕ್ಷ ಆರ್ಥೊಡಾಕ್ಸ್ ಕ್ರೈಸ್ತರು ಗ್ರೀಸ್‌ಗೆ ಬಂದರು, ಲಕ್ಷಗಟ್ಟಲೆ ಮುಸ್ಲಿಮರು ಅಲ್ಲಿಂದ ಹೊರಟರು. ಯಾರು ಎಲ್ಲಿಗೆ ಸೇರಬೇಕೆಂಬುದನ್ನು ಭಾಷೆ ನಿರ್ಧರಿಸಲಿಲ್ಲ, ಧರ್ಮ ನಿರ್ಧರಿಸಿತು. ಆದ್ದರಿಂದ ಟರ್ಕಿಶ್ ಮಾತನಾಡುವ ಕ್ರೈಸ್ತರು ಇತ್ತ ಬಂದಂತೆ, ಗ್ರೀಕ್ ಮಾತನಾಡುವ ಕ್ರೀಟ್‌ನ ಮುಸ್ಲಿಮರು ಅತ್ತ ಹೋಗಬೇಕಾಯಿತು. ಈ ಸಂಗತಿ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಂತರದ ದಶಕಗಳಲ್ಲಿ ಅಥೆನ್ಸ್ ಬೆಳೆದ ಬಗೆಯೂ ಗಮನಾರ್ಹ. ಜಾಗದ ಒಡೆಯನು ನಿವೇಶನವನ್ನು ಗುತ್ತಿಗೆದಾರನಿಗೆ ಬಿಟ್ಟುಕೊಟ್ಟು, ಹಣದ ಬದಲು ಕಟ್ಟಡದಲ್ಲಿ ಕೆಲವು ಫ್ಲಾಟುಗಳನ್ನು ಪಡೆಯುತ್ತಿದ್ದನು. ಬೆಂಗಳೂರಿನಲ್ಲಿ ಜಾಯಿಂಟ್ ಡೆವಲಪ್‌ಮೆಂಟ್ ಎನ್ನುವ ಏರ್ಪಾಡಿಗೆ ಇದು ಬಹಳ ಹತ್ತಿರ. ಹಳ್ಳಿಯಿಂದ ಬಂದವರೂ ನಿರಾಶ್ರಿತರ ಮಕ್ಕಳೂ ಹೀಗೆ ಒಂದೇ ಕಟ್ಟಡದ ಮಹಡಿಗಳಲ್ಲಿ ನೆರೆಹೊರೆಯವರಾದರು. ನಿರಾಶ್ರಿತರು ಕಟ್ಟಿಕೊಂಡ ಬಡಾವಣೆಗಳು ಮಾತ್ರ ಕಳೆದುಹೋದ ಊರು, ಪ್ರದೇಶಗಳ ಹೆಸರುಗಳನ್ನೇ ಹೊತ್ತಿವೆ: ನೆಆ ಸ್ಮಿರ್ನಿ ಎಂದರೆ ಹೊಸ ಸ್ಮಿರ್ನಾ (ಟರ್ಕಿಯ ಇಂದಿನ ಇಜ್ಮಿರ್), ನೆಆ ಇಯೊನಿಯಾ ಎಂದರೆ ಹೊಸ ಅಯೋನಿಯಾ.