ಎಕ್ಸ್‌ರೇಯಲ್ಲಿ ಕಂಡ ದಾರದಂಥ ಗೆರೆ: ಇದು ನಾರುಹುಣ್ಣಿನ ಹುಳುವೇ?

ಡೋಣಿದಂಡೆ (ಪ್ರಶ್ನೆ):
ನಮ್ಮ ಮುತ್ಯಾ ಅವರಿಗೆ ಈಗ 79 ವರ್ಷ. ಕಳೆದ ತಿಂಗಳು ಅಂಗಳದಲ್ಲಿ ಜಾರಿ ಬಿದ್ದಾಗ ಎಡಗಾಲಿನ ಎಕ್ಸ್‌ರೇ ತೆಗೆಸಿದೆವು. ಮೂಳೆಗೆ ಏನೂ ಆಗಿರಲಿಲ್ಲ. ಆದರೆ ಮೀನಖಂಡದ ಜಾಗದಲ್ಲಿ, ಮೂಳೆಯಿಂದ ದೂರದಲ್ಲಿ, ಯಾರೋ ಸುತ್ತಿ ಎಸೆದ ದಾರದ ಹಾಗೆ ಬಿಳಿಯ ಗೆರೆಯೊಂದು ಕಂಡಿತು. ಅದು ಅಲ್ಲಲ್ಲಿ ತುಂಡಾಗಿದೆ. ನೋಡಿದ ವೈದ್ಯರು ಇನ್ನೂ ಚಿಕ್ಕ ವಯಸ್ಸಿನವರು; ಸುಣ್ಣ ಕಟ್ಟಿದೆ, ಚಿಂತೆ ಬೇಡ ಎಂದಷ್ಟೇ ಹೇಳಿದರು. ಮುತ್ಯಾ ಮಾತ್ರ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದವರೇ ‘ಇದು ನಾರು’ ಎಂದರು. ಹುಡುಗನಾಗಿದ್ದಾಗ ಅವರ ಬಲಗಾಲಿನಿಂದ ಅಂಥ ಹುಳು ಹೊರಬಂದಿತ್ತಂತೆ. ಅರುವತ್ತು ವರ್ಷಕ್ಕೂ ಮಿಕ್ಕಿ ಒಂದು ಹುಳು ಮೈಯೊಳಗೆ ಉಳಿಯಲು ಸಾಧ್ಯವೇ? ಅದನ್ನು ಕೊಯ್ದು ತೆಗೆಸಬೇಕೇ?

ಹಳೆಯ ಫಿಲ್ಮು:
ನಾನು ವಿಕಿರಣ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಫಿಲ್ಮನ್ನು ಕಣ್ಣಾರೆ ನೋಡದೆ ಖಚಿತವಾಗಿ ಹೇಳಲಾರೆ; ಆದರೂ ನೀವು ಬರೆದ ಲಕ್ಷಣಗಳು ಮುತ್ಯಾ ಅವರ ಮಾತಿನ ಕಡೆಗೇ ವಾಲುತ್ತವೆ. ಹುಳು ಜೀವಂತವಾಗಿ ಉಳಿದಿಲ್ಲ. ನಾರುಹುಣ್ಣಿನ ಹೆಣ್ಣುಹುಳು ಮೈಸೇರಿದ ಸುಮಾರು ಒಂದು ವರ್ಷಕ್ಕೆ ಚರ್ಮದ ಮೇಲೆ ಬೊಕ್ಕೆ ಎಬ್ಬಿಸಿ ಹೊರಬರುತ್ತದೆ. ಹೊರದಾರಿ ಸಿಗದೆ ಒಳಗೇ ಸತ್ತ ಹುಳುವಿನ ಸುತ್ತ ದೇಹವು ನಿಧಾನವಾಗಿ ಸುಣ್ಣ ಕೂಡಿಸುತ್ತದೆ, ಮತ್ತು ಆ ಸುಣ್ಣದ ಅಚ್ಚು ಬದುಕಿರುವವರೆಗೂ ಹಾಗೇ ಇರಬಹುದು. ಅಕ್ಕಪಕ್ಕದ ಸ್ನಾಯುಗಳು ಆಡುತ್ತಲೇ ಇರುವುದರಿಂದ ಅದು ತುಂಡುತುಂಡಾಗಿ, ಮಣಿಸರದ ಹಾಗೆ ಕಾಣುತ್ತದೆ.

ಗೊಂದಲಕ್ಕೆ ಎಡೆಮಾಡುವ ನೆರಳುಗಳು ಬೇರೆಯೂ ಇವೆ. ವಯಸ್ಸಾದವರ ರಕ್ತನಾಳಕ್ಕೆ ಸುಣ್ಣ ಕಟ್ಟಿದರೆ ಹಳಿಗಳಂತೆ ಎರಡು ಗೆರೆಗಳು ನಾಳದ ಜಾಡಿನಲ್ಲೇ ಸಾಗುತ್ತವೆ. ಲಾಡಿಹುಳುವಿನ ಮರಿಕೋಶಗಳಾದರೆ ಸ್ನಾಯುವಿನ ಎಳೆಗಳ ಗುಂಟ ಅಕ್ಕಿಕಾಳು ಚೆಲ್ಲಿದಂತಿರುತ್ತವೆ. ಕೀಲಿನ ಬಳಿ ಇದ್ದು ನೋಯಿಸುತ್ತಿಲ್ಲವಾದರೆ, ಮತ್ತು ಅಲ್ಲಿ ಕೀವುಗಟ್ಟಿಲ್ಲವಾದರೆ, ಕೊಯ್ಯುವ ಅಗತ್ಯವಿಲ್ಲ. ಫಿಲ್ಮನ್ನು ಒಮ್ಮೆ ಅನುಭವವಿರುವ ರೇಡಿಯಾಲಜಿಸ್ಟರಿಗೆ ತೋರಿಸಿದರೆ ಸಾಕು.

ಕರಾವಳಿಗ:
ಇದು ಆನೆಕಾಲು ರೋಗದ ಹುಳುವೂ ಆಗಿರಬಹುದಲ್ಲವೇ? ಅದೂ ದಾರದಂತೆಯೇ ಇರುತ್ತದೆ ಎಂದು ಓದಿದ್ದೇನೆ.

ಹಳೆಯ ಫಿಲ್ಮು:
ದಾರದಂತಿರುವುದು ನಿಜ. ಆನೆಕಾಲಿಗಿರುವ ಫೈಲೇರಿಯಾ ಎಂಬ ಹೆಸರೇ ದಾರ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು, ನಮ್ಮವರು ಇನ್ನೊಂದನ್ನು ನಾರು ಎಂದು ಕರೆದಂತೆಯೇ. ಆದರೆ ಆನೆಕಾಲಿನ ಹೆಣ್ಣುಹುಳು ಹತ್ತು ಸೆಂಟಿಮೀಟರಿನಷ್ಟು ಉದ್ದದ್ದು, ಸೊಳ್ಳೆಯಿಂದ ಬರುವಂಥದ್ದು, ದುಗ್ಧನಾಳಗಳಲ್ಲಿ (ಲಿಂಫ್ ನಾಳಗಳಲ್ಲಿ) ವಾಸಿಸುವಂಥದ್ದು. ನಾರುಹುಣ್ಣಿನದು 60ರಿಂದ 100 ಸೆಂಟಿಮೀಟರ್ ಬೆಳೆಯುತ್ತದೆ ಮತ್ತು ಕುಡಿಯುವ ನೀರಿನಿಂದಲೇ ಬರುತ್ತದೆ. ಮೀನಖಂಡದಲ್ಲಿ ಸುರುಳಿಯಾಗಿ ಬಿದ್ದ ಉದ್ದನೆಯ ಗೆರೆಗೆ ಎರಡನೆಯದೇ ಹೊಂದುತ್ತದೆ.

ಪಾವಟಿಗೆ ಬಾವಿ:
ಎಂಬತ್ತರ ದಶಕದಲ್ಲಿ ನಾನು ಆರೋಗ್ಯ ಕಾರ್ಯಕರ್ತನಾಗಿ ಹಳ್ಳಿಗಳನ್ನು ಸುತ್ತಿದ್ದೇನೆ. ನಮ್ಮ ಕಡೆ ಜನ ಬಾವಿಯ ಮೆಟ್ಟಿಲಿಳಿದು, ಮೊಣಕಾಲುಮಟ್ಟ ನೀರಿನಲ್ಲಿ ನಿಂತು ಕೊಡ ತುಂಬಿಸುತ್ತಿದ್ದರು. ಕಾಲಿನ ಹುಣ್ಣಿಗೆ ತಣ್ಣೀರು ತಗುಲಿದರೆ ಉರಿ ಶಮನವಾಗುತ್ತದೆ, ಅದೇ ಕ್ಷಣಕ್ಕೆ ಹುಳು ಸಾವಿರಾರು ಮರಿಗಳನ್ನು ನೀರಿಗೆ ಉಗುಳುತ್ತದೆ. ಅವನ್ನು ಸೈಕ್ಲಾಪ್ಸ್ ಎಂಬ ಸಣ್ಣ ನೀರಜೀವಿ ನುಂಗುತ್ತದೆ, ಆ ನೀರನ್ನು ಊರು ಕುಡಿಯುತ್ತದೆ. ಹೀಗೆ ಸೈಕ್ಲಾಪ್ಸಿನ ಪಾತ್ರವನ್ನು ರಷ್ಯಾದ ಫೆಡ್‌ಚೆಂಕೊ 1870ರ ಸುಮಾರಿಗೇ ಕಂಡುಕೊಂಡಿದ್ದರೂ ನಮ್ಮ ಬಾವಿಗಳಿಗೆ ಆ ತಿಳಿವಳಿಕೆ ಮುಟ್ಟಲು ನೂರು ವರ್ಷ ಬೇಕಾಯಿತು.

ಇದಕ್ಕೆ ಆಗಲೂ ಔಷಧವಿರಲಿಲ್ಲ, ಈಗಲೂ ಇಲ್ಲ. ಹೊರಗೆ ಇಣುಕಿದ ತುದಿಯನ್ನು ಕಡ್ಡಿಗೆ ಸಿಕ್ಕಿಸಿ ದಿನಕ್ಕೆ ಒಂದೆರಡು ಅಂಗುಲದಷ್ಟು ಸುತ್ತಬೇಕು, ಅವಸರಪಟ್ಟು ಎಳೆದರೆ ಹುಳು ಹರಿದು ಕಾಲು ಬಾತು ಕೀವಾಗುತ್ತದೆ. ಹಾಗೆ ಹರಿದುಕೊಂಡವರು ಬಿತ್ತನೆಯ ಹೊತ್ತಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದನ್ನು ನೋಡಿದ್ದೇನೆ. ನಾವು ಮಾಡಿದ್ದು ಇಷ್ಟೇ: ಬಟ್ಟೆಯಲ್ಲಿ ಸೋಸಿ ಕುಡಿಯಿರೆಂದು ಮನೆಮನೆಗೆ ಹೇಳಿದೆವು, ಬಾವಿಗೆ ಸೈಕ್ಲಾಪ್ಸನ್ನು ಕೊಲ್ಲುವ ಟೆಮಿಫಾಸ್ ಎಂಬ ಕೀಟನಾಶಕ ಹಾಕಿದೆವು, ಹುಣ್ಣಿದ್ದವರನ್ನು ನೀರಿಗಿಳಿಯದಂತೆ ತಡೆದೆವು. ನಮ್ಮ ಮಾತಿಗಿಂತ ಕೈಪಂಪುಗಳೇ ಹೆಚ್ಚು ಕೆಲಸ ಮಾಡಿದವು ಎಂಬುದು ನನ್ನ ಅಭಿಪ್ರಾಯ. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡಿತು, 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಮುಕ್ತವೆಂದು ಘೋಷಿಸಿತು. ನಿಮ್ಮಲ್ಲಿಯ ಯುವ ವೈದ್ಯರಿಗೆ ಗುರುತು ಹತ್ತದಿದ್ದರೆ ಅವರ ತಪ್ಪಲ್ಲ.

ಡೋಣಿದಂಡೆ:
ಇಬ್ಬರಿಗೂ ವಂದನೆಗಳು. ನಿನ್ನೆ ರೇಡಿಯಾಲಜಿಸ್ಟರಿಗೆ ತೋರಿಸಿದೆವು; ಸುಣ್ಣಗಟ್ಟಿದ ನಾರುಹುಳು ಎಂದೇ ಬರೆದುಕೊಟ್ಟಿದ್ದಾರೆ, ಕೊಯ್ಯುವುದು ಬೇಡವೆಂದೂ ಹೇಳಿದ್ದಾರೆ. ಬಲಗಾಲಿನ ಹುಳುವನ್ನು ತಮ್ಮ ಅವ್ವ ಜೋಳದ ದಂಟಿನ ಸೀಳಿಗೆ ಹದಿನೆಂಟು ದಿನ ಸುತ್ತಿದ್ದರೆಂದು ಮುತ್ಯಾ ನೆನಪಿಸಿಕೊಂಡರು. ಎಡಗಾಲಿನಲ್ಲಿಯೂ ಒಂದಿತ್ತೆಂಬುದು ಅವರಿಗೆ ಈ ಫಿಲ್ಮು ಬರುವವರೆಗೆ ತಿಳಿದೇ ಇರಲಿಲ್ಲ.