ಹೊಸ ಗಾಡಿ ನಿಲ್ಲಿಸುವಾಗಲೇ ಬೀಳುತ್ತಿದೆ, ದಯವಿಟ್ಟು ಯಾರಾದರೂ ದಾರಿ ಹೇಳಿ

ದುರ್ಗದಹುಡುಗ
ತಲೆ ಕೆಟ್ಟು ಹೋಗಿದೆ. ಇನ್ನೂ ಮೊದಲನೇ ಸರ್ವಿಸ್ ಕೂಡ ಆಗಿಲ್ಲ, ಆಗಲೇ ಲೆಗ್ ಗಾರ್ಡ್ ಉಜ್ಜಿ ಬೆಳ್ಳಗಾಗಿದೆ, ಕ್ಲಚ್ ಲಿವರ್ ಬಗ್ಗಿದೆ. ಓಡಿಸುವಾಗ ಏನೂ ತೊಂದರೆ ಇಲ್ಲ. ಹೈವೇಲಿ ದಾವಣಗೆರೆಗೆ ಹೋಗಿ ಬರುತ್ತೇನೆ, ಆರಾಮ. ನಿಲ್ಲಿಸುವಾಗ ಮಾತ್ರ ಧೊಪ್ಪನೆ ಬೀಳುತ್ತದೆ. ನಿನ್ನೆ ಪೆಟ್ರೋಲ್ ಬಂಕಿನಲ್ಲಿ ಎಲ್ಲರ ಎದುರಿಗೆ ಬಿತ್ತು, ಮಾನ ಹೋಯ್ತು. ಶೋರೂಮಿನವರು ಗಾಡಿ ಸರಿ ಇದೆ ಅಂತಾರೆ. ಚಾಸಿ ಬೆಂಡ್ ಇರಬಹುದಾ?

ಹದಡಿರೋಡ್
ಯಾವ ಗಾಡಿ ಅಂತಲೇ ಹೇಳದೆ ಚಾಸಿ ಬೆಂಡ್ ಅಂದರೆ ಹೇಗೆ ಗುರೂ?

ದುರ್ಗದಹುಡುಗ
350 ಅಣ್ಣ.

ಹದಡಿರೋಡ್
350 ಅಂತ ಹತ್ತು ಗಾಡಿ ಇವೆ.

ದುರ್ಗದಹುಡುಗ
ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ ಅಣ್ಣ. ಇನ್ಯಾವುದು.

ಕುಳ್ಳಸವಾರ
ಎತ್ತರ ಎಷ್ಟು ನಿಮ್ಮದು? ನಾನು 5 ಅಡಿ 4. ಕ್ಲಾಸಿಕ್ ಸೀಟು 805 ಮಿ.ಮೀ. ಇದೆ. ಕಾಲು ಪೂರ್ತಿ ಊರದಿದ್ದರೆ ಗಾಡಿ ಬೀಳದೆ ಇನ್ನೇನಾಗುತ್ತೆ? ಸೀಟ್ ಕವರ್ ಹೊಲಿಯುವವರ ಹತ್ತಿರ ಹೋಗಿ ಫೋಮ್ ಕೆತ್ತಿಸಿ. ಮುಂದುಗಡೆ, ತೊಡೆ ಬರುವ ಜಾಗದಲ್ಲಿ ಸಣ್ಣ ಮಾಡಿಸಿ. ಮುಗೀತು ಸಮಸ್ಯೆ.

ದುರ್ಗದಹುಡುಗ
ನಾನು 5 ಅಡಿ 6. ಎರಡೂ ಕಾಲು ಮುಟ್ಟುತ್ತವೆ.

ಕುಳ್ಳಸವಾರ
ಮುಟ್ಟುವುದು ಬೇರೆ, ಊರುವುದು ಬೇರೆ. ಹಿಮ್ಮಡಿ ಊರುತ್ತಾ?

ಹದಡಿರೋಡ್
ಮುಂಚೆ ಯಾವ ಗಾಡಿ ಓಡಿಸುತ್ತಿದ್ದಿರಿ?

ದುರ್ಗದಹುಡುಗ
ಅಪ್ಪನ ಸ್ಪ್ಲೆಂಡರ್. ಕಾಲೇಜಿನಿಂದಲೂ ಅದೇ. ಒಂದು ಸಲಾನೂ ಬಿದ್ದಿಲ್ಲ. ಅದಕ್ಕೇ ಹೇಳಿದ್ದು, ಗಾಡಿಯಲ್ಲೇ ಏನೋ ಇದೆ ಅಂತ.

ಹದಡಿರೋಡ್
ಹಾಗಾದರೆ ಸೀಟಿನ ಮಾತು ಬಿಡಿ. ಸ್ಪ್ಲೆಂಡರ್ ಸೀಟು 785. ವ್ಯತ್ಯಾಸ ಎರಡು ಸೆಂಟಿಮೀಟರ್. ದಪ್ಪ ಅಟ್ಟೆಯ ಚಪ್ಪಲಿ ಹಾಕಿದರೆ ಅಲ್ಲಿಗಲ್ಲಿಗೆ ಆಯ್ತು. ತೂಕ ನೋಡಿ. ಸ್ಪ್ಲೆಂಡರ್ 112 ಕೆ.ಜಿ., ಕ್ಲಾಸಿಕ್ 195. ಸ್ಪ್ಲೆಂಡರ್ ವಾಲಿದರೆ ಒಂದು ಕಾಲಲ್ಲಿ ತಡೆಯಬಹುದು. ಇದನ್ನು ತಡೆಯಲು ಹೋದರೆ ಕಾಲೇ ಹೋಗುತ್ತದೆ.

ಕುಳ್ಳಸವಾರ
ಎತ್ತರ ಒಂದೇ ನೋಡಿದರೆ ಆಗಲ್ಲ ಸಾರ್. ಕ್ಲಾಸಿಕ್ ಸೀಟು ಅಗಲ. ಕಾಲು ಅಗಲ ಆದಷ್ಟೂ ನೆಲ ದೂರ. ಫೋಮ್ ಕೆತ್ತಿಸಿದ ಮೇಲೆ ನನ್ನ ಗಾಡಿ ಬಿದ್ದಿಲ್ಲ.

ಬುಲೆಟ್‌ಯಜಮಾನ
ಬ್ರೇಕ್ ಹಿಡಿಯೋದು ಕಲೀರಿ ಮೊದಲು ತಮ್ಮಾ. ಮುಂದಿನ ಬ್ರೇಕ್ ಮುಟ್ಟಲೇಬಾರದು. ನಾವು 80ರ ದಶಕದ ಬುಲೆಟ್ ಓಡಿಸಿದವರು. ಬಲಗಾಲಿಗೆ ಗೇರ್, ಎಡಗಾಲಿಗೆ ಬ್ರೇಕ್. ಅಂಥದ್ದನ್ನೇ ಬೀಳಿಸಿಲ್ಲ. ಈಗಿನ ಹುಡುಗರಿಗೆ ಸೆಲ್ಫ್ ಬಟನ್ ಒತ್ತುವುದು ಬಿಟ್ಟು ಏನು ಗೊತ್ತು?

ಹದಡಿರೋಡ್
ಮುಂದಿನ ಬ್ರೇಕ್ ಮುಟ್ಟಬೇಡ ಅಂತ ಹೊಸಬರಿಗೆ ಹೇಳಬೇಡಿ ಯಜಮಾನ್ರೇ. ವೇಗದಲ್ಲಿ ಗಾಡಿ ನಿಲ್ಲಿಸುವುದೇ ಅದು. ಬ್ರೇಕ್ ಹಿಡಿದ ಕೂಡಲೇ ಭಾರ ಮುಂದಕ್ಕೆ ಬರುತ್ತೆ, ಹಿಂದಿನ ಚಕ್ರ ಹಗುರ ಆಗುತ್ತೆ. ಹೈವೇಲಿ ಲಾರಿ ಅಡ್ಡ ಬಂದಾಗ ಹಿಂದಿನದೊಂದನ್ನೇ ತುಳಿದರೆ ಲಾರಿ ಕೆಳಗೆ.

ಬುಲೆಟ್‌ಯಜಮಾನ
ನಾನು ಲಾರಿ ಕೆಳಗೆ ಹೋಗಿಲ್ಲ. ಇಲ್ಲೇ ಇದ್ದೀನಿ, ನೋಡಿ.

ಗಾಜಿನಮನೆ
ಇಬ್ಬರೂ ಒಂದು ನಿಮಿಷ. ದುರ್ಗದಹುಡುಗ, ಮೂರು ಪ್ರಶ್ನೆ. ಬಿದ್ದಾಗ ಹ್ಯಾಂಡಲ್ ನೇರ ಇತ್ತಾ, ತಿರುಗಿತ್ತಾ? ಯಾವ ಬ್ರೇಕ್ ಹಿಡಿದಿದ್ದಿರಿ? ಯಾವ ಕಡೆಗೆ ಬೀಳುತ್ತೆ?

ಕುಳ್ಳಸವಾರ
ಯಾವ ಕಡೆ ಬಿದ್ದರೇನು, ಕಾಲು ಊರಿದ್ದರೆ ಬೀಳುತ್ತಿರಲಿಲ್ಲ.

ಪಿಬಿರೋಡ್
ಮಾರಿಬಿಟ್ಟು ಹಂಟರ್ ತಗೊಳ್ಳಿ ಬ್ರೋ. 181 ಕೆ.ಜಿ., ಸೀಟು 790.

ದುರ್ಗದಹುಡುಗ
ಇವತ್ತು ಮತ್ತೆ ಬಿತ್ತು!! ಎತ್ತಿ ನಿಲ್ಲಿಸಿದೆ, ಸ್ಟಾರ್ಟೇ ಆಗುತ್ತಿಲ್ಲ. ಬ್ಯಾಟರಿ ಹೋಯ್ತಾ? ಅರ್ಜೆಂಟ್.

ಗಾಜಿನಮನೆ
ಗಾಬರಿ ಬೇಡ. ಗಾಡಿ ಮಲಗಿದರೆ ಎಂಜಿನ್ ಬಂದ್ ಮಾಡುವ ಸೆನ್ಸರ್ ಇದೆ. ಕೀ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿ. ಹ್ಯಾಂಡಲ್ ಮೇಲೆ ಎಂಜಿನ್ ಬಂದ್ ಮಾಡುವ ಕೆಂಪು ಸ್ವಿಚ್ ಕೈ ತಾಗಿ ಆಫ್ ಆಗಿದೆಯಾ ನೋಡಿ. ಗಾಡಿ ನ್ಯೂಟ್ರಲ್‌ಗೆ ತನ್ನಿ. ಸೈಡ್ ಸ್ಟ್ಯಾಂಡ್ ಕೆಳಗಿದ್ದು ಗೇರಿನಲ್ಲಿದ್ದರೂ ಎಂಜಿನ್ ನಿಂತುಹೋಗುತ್ತೆ. ಪೆಟ್ರೋಲ್ ಚೆಲ್ಲಿದ್ದರೆ ಮೊದಲು ಆರಲಿ. ನನ್ನ ಮೂರು ಪ್ರಶ್ನೆಗೆ ಉತ್ತರ ಬಂದಿಲ್ಲ.

ದುರ್ಗದಹುಡುಗ
ಸ್ಟಾರ್ಟ್ ಆಯ್ತು ಅಣ್ಣ, ಥ್ಯಾಂಕ್ಸ್. ಬೀಳುವುದು ಯಾವಾಗಲೂ ಎಡಕ್ಕೆ. ನಮ್ಮ ಮನೆ ಕೋಟೆ ಕಡೆ, ಏರು ಗಲ್ಲಿ. ಗೇಟ್ ಎಡಗಡೆ ಇದೆ. ಎಡಕ್ಕೆ ತಿರುಗಿಸಿ ಬ್ರೇಕ್ ಹಿಡಿದು ಕಾಲು ಇಡುತ್ತೇನೆ, ಅಮ್ಮ ಗೇಟ್ ತೆಗೆಯುವ ತನಕ. ಬಂಕಿನಲ್ಲೂ ಪಂಪ್ ಎಡಕ್ಕಿತ್ತು. ಬ್ರೇಕ್ ಅಂದರೆ ಕೈ ಬ್ರೇಕೇ, ಬಲಗಾಲು ಇಳಿಸುತ್ತೇನಲ್ಲ. ಇದೆಲ್ಲ ಹೇಳಬೇಕಿತ್ತಾ?

ಗಾಜಿನಮನೆ
ಇದೇ ಬೇಕಿತ್ತು ನೋಡಿ.

ಎಡಕ್ಕೆ ತಿರುಗುವಾಗ ಗಾಡಿ ಸ್ವಲ್ಪ ಎಡಕ್ಕೆ ವಾಲಿರುತ್ತೆ. ಓಟ ಇರುವ ತನಕ ಆ ವಾಲು ಏನೂ ಮಾಡಲ್ಲ. ಹ್ಯಾಂಡಲ್ ತಿರುಗಿರುವಾಗಲೇ ಮುಂದಿನ ಚಕ್ರ ಗಕ್ಕನೆ ನಿಂತರೆ ಓಟ ಹೋಯ್ತು, ವಾಲು ಉಳಿಯಿತು. 195 ಕೆ.ಜಿ. ಆ ಕಡೆಗೇ ಬರುತ್ತೆ. ಸ್ಪ್ಲೆಂಡರಿನಲ್ಲೂ ನೀವು ಹೀಗೇ ನಿಲ್ಲಿಸುತ್ತಿದ್ದಿರಿ. ಆದರೆ ಅಪ್ಪನ ಗಾಡಿ ಡ್ರಮ್ ಬ್ರೇಕ್ ಅಲ್ವಾ? ಅದು ಮೆಲ್ಲಗೆ ಹಿಡಿಯುತ್ತೆ, ಹಗುರ ಬೇರೆ. ಇದಕ್ಕೆ ಮುಂದೆ 300 ಮಿ.ಮೀ. ಡಿಸ್ಕ್. ನಾಲ್ಕೂ ಬೆರಳಲ್ಲಿ ಹಿಡಿದರೆ ಮುಗೀತು. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೂಡ ನಡಿಗೆ ವೇಗದಲ್ಲಿ ಕಾಪಾಡಲ್ಲ.

ಇನ್ನು ನಿಮ್ಮ ಎಡಗಾಲು. ಗೇಟಿನ ಮುಂದೆ ಚರಂಡಿ ಮೇಲೆ ಚಪ್ಪಡಿ ಇದೆಯಾ? ಅದು ಇಳಿಜಾರಾದರೆ ಬೇರೆ ಕಡೆ ಮುಟ್ಟುವ ಕಾಲು ಅಲ್ಲಿ ಮುಟ್ಟಲ್ಲ.

ಹೀಗೆ ಮಾಡಿ. ಗೇಟಿನ ಮುಂದೆ ತಿರುಗಿಸಿ ನಿಲ್ಲಿಸಬೇಡಿ. ರೋಡಿನಲ್ಲೇ ನೇರವಾಗಿ, ಅಂಚಿಗೆ ನಿಲ್ಲಿಸಿ. ಗೇಟ್ ತೆಗೆದ ಮೇಲೆ ಒಂದೇ ಸಲಕ್ಕೆ ಒಳಗೆ ಹೋಗಿ. ನಡುವೆ ನಿಲ್ಲಲೇಬೇಕಾದರೆ ಮೊದಲು ಹ್ಯಾಂಡಲ್ ನೇರ ಮಾಡಿ, ಆಮೇಲೆ ಬ್ರೇಕ್. ತಿರುಗುವಾಗ ಬಲಗೈ ಬೆರಳು ಲಿವರ್ ಮೇಲೆ ಇರಲೇಬಾರದು. ಬಲಗಾಲು ಬ್ರೇಕಿನ ಮೇಲೆ ಇರಲಿ, ಎಡಗಾಲು ಮಾತ್ರ ಕೆಳಗೆ.

ಬುಲೆಟ್‌ಯಜಮಾನ
ನಾನು ಹೇಳಿದ್ದೂ ಇದೇ. ಮುಂದಿನ ಬ್ರೇಕ್ ಮುಟ್ಟಬೇಡ ಅಂತ.

ಗಾಜಿನಮನೆ
ತಿರುಗುವಾಗ, ನಡಿಗೆ ವೇಗದಲ್ಲಿ ಅಂತ ಸೇರಿಸಿ ಯಜಮಾನ್ರೇ. ನಿಮ್ಮ ಹಳೇ ಬುಲೆಟ್ಟಿನ ಮುಂದಿನ ಡ್ರಮ್ ಹಿಡಿದರೂ ಒಂದೇ, ಬಿಟ್ಟರೂ ಒಂದೇ. ಅದಕ್ಕೆ ನಿಮಗೆ ಆ ಅಭ್ಯಾಸ.

ದುರ್ಗದಹುಡುಗ
ಚಪ್ಪಡಿ ಇದೆ ಅಣ್ಣ, ಹೌದು. ಬ್ರೇಕಿನ ವಿಷಯ ನೋಡುತ್ತೇನೆ. ಆದರೂ ಒಮ್ಮೆ ಚಾಸಿ ಚೆಕ್ ಮಾಡಿಸಲಾ? ಮತ್ತೆ ನಿಧಾನವಾಗಿ ತಿರುಗಿಸಿದರೆ ಕೆಲವು ಸಲ ಎಂಜಿನ್ ಬಂದ್ ಆಗುತ್ತೆ.

ಗಾಜಿನಮನೆ
ಚಾಸಿ ಬೆಂಡ್ ಇದ್ದರೆ ಹೈವೇಲಿ ಒಂದು ಕಡೆಗೆ ಎಳೆಯುತ್ತಿತ್ತು. ನೀವೇ ಆರಾಮ ಅಂದಿದ್ದೀರಿ. ಬಂದ್ ಆಗುವುದು ಕ್ಲಚ್ಚಿಂದ. ತಿರುವಿನಲ್ಲಿ ಎಂಜಿನ್ ಸತ್ತರೂ ಇದೇ ಥರ ಬೀಳುತ್ತೆ. ಬೆಳಿಗ್ಗೆ ಬೇಗ ಖಾಲಿ ಮೈದಾನಕ್ಕೆ ಹೋಗಿ. ಫಸ್ಟ್ ಗೇರ್, ಹಾಫ್ ಕ್ಲಚ್, ಒಂಚೂರು ರೇಸ್, ಜೊತೆಗೆ ಹಿಂದಿನ ಬ್ರೇಕ್ ಮೆಲ್ಲಗೆ ಒತ್ತಿಕೊಂಡು ಎಂಟು ಹಾಕಿ. ಹಿಂದಿನ ಬ್ರೇಕ್ ಎಳೆದು ಹಿಡಿದಾಗ ಗಾಡಿ ಅಲ್ಲಾಡದೆ ಹೋಗುತ್ತೆ, ನೀವೇ ನೋಡುತ್ತೀರಿ. ಕಣ್ಣು ಮುಂದಿನ ಚಕ್ರದ ಮೇಲೆ ಬೇಡ, ಹೋಗುವ ಕಡೆ ಇರಲಿ. ಬಗ್ಗಿದ ಲಿವರ್ ಮೊದಲು ಬದಲಾಯಿಸಿ. ಅದರಲ್ಲಿ ಹಾಫ್ ಕ್ಲಚ್ ಅಂದಾಜು ಸಿಗಲ್ಲ.

ಮತ್ತೆ ಬಿದ್ದರೆ, ಬೀಳಲಿ ಬಿಡಿ. ಒಂದು ಹಂತ ದಾಟಿದ ಮೇಲೆ ಹಿಡಿಯಲು ಹೋಗಬೇಡಿ, ಕಾಲು ಆಚೆ ತೆಗೆಯಿರಿ. ಎತ್ತುವಾಗ ಕೀ ಆಫ್ ಮಾಡಿ, ಫಸ್ಟ್ ಗೇರ್ ಹಾಕಿ. ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು ಒಂದು ಕೈ ಹ್ಯಾಂಡಲ್ಲಿಗೆ, ಇನ್ನೊಂದು ಹಿಂದಿನ ಹಿಡಿಗೆ. ಸೊಂಟ ಬಗ್ಗಿಸದೆ ಕಾಲಿನ ಬಲದಲ್ಲಿ ಹಿಂದಕ್ಕೆ ನಡೆಯುತ್ತಾ ಏಳಿ. ಬಲಕ್ಕೆ ಬಿದ್ದಿದ್ದರೆ ಮುಂಚೆಯೇ ಸೈಡ್ ಸ್ಟ್ಯಾಂಡ್ ಹೊರಗೆ ಚಾಚಿಡಿ. ಇಲ್ಲಾಂದರೆ ಎದ್ದ ಗಾಡಿ ಆಚೆ ಕಡೆಗೆ ಮಲಗುತ್ತೆ.

ಕುಳ್ಳಸವಾರ
ಚಪ್ಪಡಿ ಮೇಲೆ ಕಾಲು ಮುಟ್ಟಲ್ಲ ಅಂತ ನೀವೇ ಒಪ್ಪಿದಿರಿ. ಫೋಮ್ ಕೆತ್ತಿಸಿದ್ದರೆ ಮುಟ್ಟುತ್ತಿತ್ತು.

ಬುಲೆಟ್‌ಯಜಮಾನ
ಅಂದಹಾಗೆ ನನ್ನ ಹತ್ತಿರ ಯೆಜ್ಡಿ ಕೂಡ ಇದೆ. ಮೈಸೂರಿನ ಐಡಿಯಲ್ ಜಾವಾದಲ್ಲಿ ಆಗಿದ್ದು. ಕಿಕ್ಕರಿಗೂ ಗೇರಿಗೂ ಒಂದೇ ಲಿವರ್. ಈಗಲೂ ಜೋಗಿಮಟ್ಟಿ ಹತ್ತುತ್ತೆ, ಫೋಟೋ ಹಾಕಲಾ?

ಪಿಬಿರೋಡ್
ಹಾಕಿ ಹಾಕಿ. ಸೈಲೆನ್ಸರ್ ಒರಿಜಿನಲ್ಲಾ? ನನಗೆ ಜೋಡಿ ಸೈಲೆನ್ಸರ್ ಬೇಕಿತ್ತು, ಎಲ್ಲೂ ಸಿಗುತ್ತಿಲ್ಲ.

ಬುಲೆಟ್‌ಯಜಮಾನ
ಒರಿಜಿನಲ್ಲೇ. ಕೊಡಲ್ಲ.

ನಿರ್ವಾಹಕ
ಯೆಜ್ಡಿ ಮಾತುಕತೆಯನ್ನು ಹಳೇ ಗಾಡಿಗಳ ವಿಭಾಗಕ್ಕೆ ಸಾಗಿಸುತ್ತಿದ್ದೇನೆ. ಫೋಟೋ ಅಲ್ಲಿ ಹಾಕಿ. ಇಲ್ಲಿ ಬೀಳುವ ವಿಷಯ ಮಾತ್ರ.

ಎರೆಹೊಲ
ನನ್ನದೂ ಬೀಳುತ್ತೆ ಸಾರ್. ಆದರೆ ನಾನು ಮೇಲೆ ಇರುವುದೇ ಇಲ್ಲ. ಸೈಡ್ ಸ್ಟ್ಯಾಂಡ್ ಹಾಕಿ ಹೊಲಕ್ಕೆ ಹೋಗಿ ಬರುವಷ್ಟರಲ್ಲಿ ಮಲಗಿರುತ್ತೆ. ಸ್ಟ್ಯಾಂಡ್ ಸ್ಪ್ರಿಂಗ್ ಹೋಗಿದೆಯಾ?

ಗಾಜಿನಮನೆ
ನಿಮ್ಮ ಹೆಸರಿನಲ್ಲೇ ಉತ್ತರ ಇದೆ. ಮಳೆ ಬಿದ್ದ ಎರೆ ಮಣ್ಣಿನಲ್ಲಿ ಸ್ಟ್ಯಾಂಡ್ ಇಳಿಯುತ್ತಾ ಹೋಗುತ್ತೆ. ಕೆಳಗೆ ಚಪ್ಪಟೆ ಕಲ್ಲು ಇಡಿ. ಇಳಿಜಾರಾದರೆ ಮುಂದಿನ ಚಕ್ರ ಏರಿನ ಕಡೆ ಇರಲಿ, ಫಸ್ಟ್ ಗೇರಿನಲ್ಲಿ ಬಿಡಿ. ಗಾಡಿ ಯಾವುದು?