ಅಪ್‌ಡೇಟ್: ಕ್ಯಾಲ್ಕುಲೇಟರ್ ಮೆಮೊರಿ ತುಂಬಿದ್ದು ಯಾಕೆ ಅಂತ ಗೊತ್ತಾಯಿತು

ಟಿಐ-84 ಪ್ಲಸ್‌ನಲ್ಲಿ ಹೊಸ ಪ್ರೋಗ್ರಾಂ ಬರೆಯಲು ಹೋದರೆ ಮೆಮೊರಿ ಎರರ್ ಬರುತ್ತಿದೆ ಅಂತ ಹೋದ ವಾರ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್. ನಿನ್ನೆ ದಾವಣಗೆರೆಯಿಂದ ಹರಿಹರಕ್ಕೆ ಹೋಗುವಾಗ ಬಸ್ಸಿನಲ್ಲೇ ನೋಡಿದೆ. ಸೆಕೆಂಡ್ ಕೀ, ಆಮೇಲೆ ಪ್ಲಸ್, ಆಮೇಲೆ 2 ಒತ್ತಿದರೆ ಮೆಮೊರಿಯಲ್ಲಿ ಏನೇನಿದೆ ಅಂತ ನೋಡುವ ಮೆನು ಬರುತ್ತದೆ.

ಜಾಗ ತಿಂದಿದ್ದು ಪ್ರೋಗ್ರಾಂಗಳಲ್ಲ, ಲಿಸ್ಟ್‌ಗಳು! ಒಂದೊಂದು ಸಂಖ್ಯೆಗೂ 9 ಬೈಟ್. 999 ಸಂಖ್ಯೆಯ ಎರಡು ಲಿಸ್ಟ್‌ಗೇ ಸುಮಾರು 18 ಕೆಬಿ ಹೋಗಿತ್ತು. ಇರುವ ರ‍್ಯಾಮೇ (ಕೆಲಸ ಮಾಡುವಾಗ ಬಳಸುವ ಮೆಮೊರಿ) 24 ಕೆಬಿ ಅಲ್ವಾ? ಅಳಿಸಲು ಮನಸ್ಸು ಬರಲಿಲ್ಲ. ಅಪ್ಪ ಹೊಲದಲ್ಲಿ ದಿನಾ ನೋಟ್‌ಬುಕ್ಕಿಗೆ ಬರೆದಿಟ್ಟ ಮಳೆ, ಬಿಸಿಲಿನ ಲೆಕ್ಕ ಅದು.

ಲಿಸ್ಟ್ ಆರಿಸಿ ಎಂಟರ್ ಒತ್ತಿದೆ. ಹೆಸರಿನ ಪಕ್ಕ ನಕ್ಷತ್ರದ ಗುರುತು ಬಂತು, ಅಂದರೆ ಆರ್ಕೈವ್‌ಗೆ ಹೋಯಿತು. ಅದು ಬೇರೆಯೇ ಶೇಖರಣೆ ಜಾಗ. ಅಲ್ಲಿ 480 ಕೆಬಿ ಇದೆ, ರ‍್ಯಾಮ್ ಅಳಿಸಿದರೂ ಉಳಿಯುತ್ತದೆ. ಬಳಸುವ ಮುಂಚೆ ಮತ್ತೆ ಎಂಟರ್ ಒತ್ತಿ ಹೊರಗೆ ತೆಗೆಯಬೇಕು, ಅಷ್ಟೇ. ಪ್ರೋಗ್ರಾಂ ಈಗ ಓಡುತ್ತಿದೆ.